ಕಿವಿ ಮೇಸ್ತ್ರಿ ಆರಿಸಿದ ಮರ

ಟಿಕ್.

ಉಗುರಿನ ತುದಿಯಿಂದ ಯಾರೋ ಬೆಂಕಿಪೊಟ್ಟಣ ತಟ್ಟಿದಷ್ಟು ಸಣ್ಣ ಸದ್ದು. ಅವಳು ಕತ್ತಲಲ್ಲಿ ಕಣ್ಣುಬಿಟ್ಟುಕೊಂಡು ಕಾದಳು. ಗಡಿಯಾರವಿರಲಾರದು, ಅದರ ಬ್ಯಾಟರಿ ಮುಗಿದು ವಾರವಾಗಿತ್ತು. ನಲ್ಲಿಯೂ ಇರಲಾರದು, ಮಲಗುವ ಮುಂಚೆ ನಲ್ಲಿಯ ಮೂತಿಗೆ ಬಟ್ಟೆ ಸುತ್ತುವುದು ಅವಳದೇ ಕೆಲಸ. ಪಕ್ಕದಲ್ಲಿ ಗಂಡನ ಗೊರಕೆ ಏರಿತು, ಇಳಿಯಿತು. ಎರಡು ಗೊರಕೆಗಳ ನಡುವೆ ಮತ್ತೆ ಕೇಳಿಸಿತು. ಟಿಕ್. ಟಿಕ್ ಟಿಕ್.

ಎದ್ದು ಬರಿಗಾಲಲ್ಲಿ ನಡುಮನೆಗೆ ಬಂದಳು. ಸದ್ದು ಬರುತ್ತಿದ್ದುದು ಊಟದ ಮೇಜಿನ ಕಡೆಯಿಂದ. ಮೇಜಿನ ಮೇಲೆ ಇದ್ದುದು ಎರಡೇ ವಸ್ತು: ಮೊಳದುದ್ದದ ಒಂದು ಉಕ್ಕಿನ ತುಂಡು, ಅಷ್ಟೇ ಉದ್ದದ ಒಂದು ಮರದ ತುಂಡು. ಹೊಸ ಮನೆಯ ಗೋಡೆಗಳ ಚೌಕಟ್ಟು ಯಾವುದರದ್ದು ಆಗಬೇಕೋ ಮನೆಯಲ್ಲಿಟ್ಟುಕೊಂಡು ನೋಡಿ ತೀರ್ಮಾನಿಸಿ ಎಂದು ಕಾರ್ಖಾನೆಯವರು ಕೊಟ್ಟು ಕಳಿಸಿದ ನಮೂನೆಗಳು. ಅವಳು ಹತ್ತಿರ ಹೋದೊಡನೆ ಸದ್ದು ನಿಂತಿತು. ಉಸಿರು ಬಿಗಿಹಿಡಿದು ಮರದ ತುಂಡಿನ ಮೇಲೆ ಕಿವಿ ಇಟ್ಟಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ, ಕಿವಿಯ ಪೊರೆಗೇ ತಾಗುವಷ್ಟು ಹತ್ತಿರದಲ್ಲಿ, ಯಾರೋ ಬಿಸ್ಕತ್ತು ಅಗಿದಂತೆ ಕರಕರ ಎಂದಿತು.

ಅವಳು ಹಾವು ತುಳಿದವಳಂತೆ ಹಿಂದಕ್ಕೆ ಹಾರಿದಳು. ಮರದೊಳಗೆ ಒಂದು ಬಾಯಿ ಇತ್ತು. ಅದು ತಿನ್ನುತ್ತಿತ್ತು.

ತುಂಡಿನ ಕೆಳಗೆ ಒಂದು ಬಿಳಿ ಹಾಳೆ ಹಾಸಿ ಹಾಸಿಗೆಗೆ ಮರಳಿದಳು. ನಿದ್ದೆ ಬರಲಿಲ್ಲ.

ಬಾಡಿಗೆ ಮನೆಯ ಯಜಮಾನ ಮೂರು ತಿಂಗಳಲ್ಲಿ ಖಾಲಿ ಮಾಡಿ ಎಂದಿದ್ದ. ಅಷ್ಟರೊಳಗೆ ಇಟ್ಟಿಗೆ ಗಾರೆಯ ಮನೆ ಏಳುವ ಮಾತೇ ಇರಲಿಲ್ಲ. ಹಾಗಾಗಿ ಗೋಡೆಗಳನ್ನು ಕಾರ್ಖಾನೆಯಲ್ಲೇ ಸಿದ್ಧಮಾಡಿ, ಲಾರಿಯಲ್ಲಿ ತಂದು, ನಾಲ್ಕೇ ದಿನದಲ್ಲಿ ನಿಲ್ಲಿಸುವ ಮನೆ ಸಾಕೆಂದು ಎಲ್ಲರೂ ಒಪ್ಪಿಕೊಂಡರು. ಮೊದಲ ಸಲ ಹೋದಾಗ ಅಲ್ಲಿನ ಎಂಜಿನಿಯರ್ ಹುಡುಗಿ ಹೇಳಿದ್ದಳು: "ಮನೆಗೂ ನಮ್ಮ ಹಾಗೇ ಎಲುಬು ಇರುತ್ತೆ ಮೇಡಂ. ಮೇಲಿನ ಬಣ್ಣ, ಹಲಗೆ ಎಲ್ಲ ಚರ್ಮ ಇದ್ದ ಹಾಗೆ, ಬೇಡ ಅಂದ್ರೆ ಬದಲಾಯಿಸಬಹುದು. ಎಲುಬು ಮಾತ್ರ ಒಂದೇ ಸಲ." ಬೇರೆಯವರು ಆ ಮಾತನ್ನು ಅಲ್ಲೇ ಬಿಟ್ಟು ಬಂದರು. ಅವಳು ಮನೆಗೆ ಹೊತ್ತು ತಂದಳು. ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಒಂದು ಕೊಂಬು, ಒಂದು ದೀರ್ಘ ತಪ್ಪಿದರೂ ಇಡೀ ಪುಟ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಮುಚ್ಚಿದ ಗೋಡೆಯೊಳಗೆ ಕಣ್ಣಿಗೇ ಕಾಣದ ತಪ್ಪೊಂದು ಉಳಿದುಬಿಟ್ಟರೆ? ಆ ಗೋಡೆಗೆ ತಲೆಯಿಟ್ಟು ಮಲಗುವವಳು ಅವಳ ಎಂಟು ವರ್ಷದ ಮಗಳು.

ಮನೆಯಲ್ಲಿ ಉಳಿದವರಿಗೆ ಈ ಚಿಂತೆಯೇ ಇರಲಿಲ್ಲ, ಏಕೆಂದರೆ ಮನೆಯಲ್ಲಿ ಮಾವ ಇದ್ದರು.

ಮಾವನನ್ನು ಮರದ ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವರು ಕಿವಿ ಮೇಸ್ತ್ರಿ. ಬಡಗಿ ಕೆಲಸ ಬಿಟ್ಟು ಹತ್ತು ವರ್ಷವಾದರೂ ದಿನಾ ಬೆಳಗ್ಗೆ ಡಿಪೋಗೆ ಹೋಗಿ ಒಂದು ಮುರುಕು ಕುರ್ಚಿಯಲ್ಲಿ ಕೂರುತ್ತಿದ್ದರು. ಮರ ಕೊಳ್ಳುವವರು ಅವರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳಿ, 'ಹೂಂ' ಅಂದರೆ ಆ ಮರ ಪಾಸು. ಜೇಬಿನಲ್ಲಿ ಸದಾ ಒಂದು ಮ್ಯಾಗ್ನೆಟ್, ದಾರ ಕಟ್ಟಿದ್ದು. ಹಳೆಯ ಮರದೊಳಗೆ ಮೊಳೆ ಮುರಿದು ಕೂತಿದ್ದರೆ ಗರಗಸದ ಹಲ್ಲು ಹಾರುತ್ತದಲ್ಲ, ಅದಕ್ಕೆ ಮೊದಲು ಮ್ಯಾಗ್ನೆಟ್ ಆಡಿಸಿ ಮೊಳೆ ಹುಡುಕುವುದು ಅವರ ಪದ್ಧತಿ.

ಕಾರ್ಖಾನೆಯಲ್ಲೂ ಮಾವ ಹಾಗೇ ಮಾಡಿದ್ದರು. ಉಕ್ಕಿನ ಕಂಬಕ್ಕೆ ಮ್ಯಾಗ್ನೆಟ್ ಮುಟ್ಟಿಸಿದಾಗ ಅದು ಟಪ್ಪೆಂದು ಅಂಟಿಕೊಂಡಿತು. "ನೋಡಮ್ಮ, ಇದರ ತುಂಬಾ ಮೊಳೆನೇ!" ಎಂದು ನಕ್ಕರು. ಎಂಜಿನಿಯರ್ ಹುಡುಗಿ ಗೂಡಿನ ಬಿಸಿಯಲ್ಲಿ ಒಣಗಿಸಿದ ಮರ ತೋರಿಸಿದಳು. "ಬೆಂದ ಮರ, ಜೀವ ಇಲ್ಲ" ಎಂದು ಮುಖ ತಿರುಗಿಸಿದರು. ಕೊನೆಗೆ ಶೆಡ್ಡಿನ ಮೂಲೆಯಲ್ಲಿ, ಗಾಳಿಗೆ ಒಣಗಿದ ಮರದ ಒಂದು ಹಳೆಯ ಅಟ್ಟಿ ಕಣ್ಣಿಗೆ ಬಿತ್ತು. ತಟ್ಟಿದರು, ತಲೆ ವಾಲಿಸಿದರು. "ಇದು ಮರ ಅಂದ್ರೆ. ಗಂಟೆ ಹಾಗೆ ಹೇಳ್ತಾ ಇದೆ" ಎಂದು ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದರು. ಮೇಜಿನ ಮೇಲಿದ್ದ ಮರದ ತುಂಡು ಆ ಅಟ್ಟಿಯಿಂದಲೇ ಕೊಯ್ದದ್ದು. ಮನೆಯವರ ಮಟ್ಟಿಗೆ ಮನೆಯ ಎಲುಬು ಗೊತ್ತಾಯಿತು.

ಅವಳಿಗೆ ಮಾತ್ರ ಆ ಹೊತ್ತಿನ ಒಂದು ಸಂಗತಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮಾವ ತಟ್ಟುವಾಗ ಪಕ್ಕದಲ್ಲೇ ಗಾಳಿ ತುಂಬುವ ಯಂತ್ರ ಕಿವಿ ಹರಿಯುವಂತೆ ಅರಚುತ್ತಿತ್ತು. ಯಾರಿಗೂ ಏನೂ ಕೇಳುವಂತಿರಲಿಲ್ಲ. ಯಂತ್ರ ಓಡುತ್ತಿದೆ ಎಂಬುದೇ ಮಾವನಿಗೆ ಗೊತ್ತಿರಲಿಲ್ಲ.

ಅವಳಿಗೆ ಅದು ಹೊಸ ಸುದ್ದಿಯೇನಲ್ಲ. ಕೆಲವು ತಿಂಗಳ ಹಿಂದೆ ಮಗಳು ಆಟಕ್ಕೆ ಟಿವಿಯ ಸದ್ದು ಪೂರ್ತಿ ಇಳಿಸಿ ಹೋಗಿದ್ದಳು. ಮಾವ ಅರ್ಧ ಗಂಟೆ ವಾರ್ತೆ ನೋಡಿದರು, ನಡುನಡುವೆ ತಲೆ ಆಡಿಸಿದರು, "ಸರಿಯಾಗಿ ಹೇಳಿದ" ಎಂದೂ ಅಂದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳು ಮೆಲ್ಲಗೆ ಬಂದು ಸದ್ದು ಏರಿಸಿ ಒಳಗೆ ಹೋದಳು. ಅಂದಿನಿಂದ ಮಾವನ ಮುಂದೆ ನಿಂತು, ತುಟಿ ಕಾಣುವಂತೆ ಮಾತಾಡುತ್ತಿದ್ದಳು. ಬೇರೆ ಯಾರಿಗೂ ಹೇಳಲಿಲ್ಲ. ಕಿವಿ ಮೇಸ್ತ್ರಿಯಿಂದ ಕಿವಿ ತೆಗೆದರೆ ಉಳಿಯುವುದು ಬರೀ ಮೇಸ್ತ್ರಿ. ಕೈ ನಡುಗುವ ಬರೀ ಮೇಸ್ತ್ರಿಗೆ ಡಿಪೋದಲ್ಲಿ ಕುರ್ಚಿ ಯಾರು ಹಾಕುತ್ತಾರೆ?

ಬೆಳಗಾದಾಗ ಬಿಳಿ ಹಾಳೆಯ ಮೇಲೆ ಒಂದು ಚಿಟಿಕೆಯಷ್ಟು ನುಣ್ಣನೆಯ ಹಿಟ್ಟು ಬಿದ್ದಿತ್ತು.

ಗಂಡ ಬಸ್ ಚಾಲಕ. ಬೆಳಗಿನ ಪಾಳಿಗೆ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದ.

"ರೀ, ಇಲ್ಲಿ ನೋಡಿ. ರಾತ್ರಿ ಈ ಮರದೊಳಗೆ ಏನೋ ಕೊರೀತಿತ್ತು. ಟಿಕ್ ಟಿಕ್ ಅಂತ."

"ನಿನ್ನ ಕಿವಿಗೆ ರಜೆ ಅನ್ನೋದೇ ಇಲ್ವೇನೇ?" ಅವನು ತುಂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. "ಏನೂ ಇಲ್ಲ ಕಣೇ. ಹೋದ ತಿಂಗಳು ಫ್ರಿಜ್ ಉಸಿರಾಡ್ತಿದೆ ಅಂತ ಎಬ್ಬಿಸಿದ್ದೆ. ಅಪ್ಪನಿಗೊಂದು ಕಿವಿ, ನಿನಗೊಂದು ಕಿವಿ. ಈ ಮನೇಲಿ ಕಿವಿ ಇಲ್ಲದೋನು ನಾನೊಬ್ಬನೇ."

"ತಮಾಷೆ ಅಲ್ಲ. ಹಿಟ್ಟು ನೋಡಿ ಬೇಕಾದ್ರೆ."

ಅಷ್ಟರಲ್ಲಿ ಮಾವ ಮುಖ ಒರೆಸಿಕೊಳ್ಳುತ್ತಾ ಬಂದರು. ಹಾಳೆ ನೋಡಿದರು, ಅವಳ ಮುಖ ನೋಡಿದರು. ಹಿಂದೆಯೇ ಬಂದ ಮೊಮ್ಮಗಳು ಮೇಜಿಗೆ ಗದ್ದ ಊರಿ ನಿಂತಳು. ದಿನಕ್ಕೆ ನೂರು ಸಲ ಯಾಕೆ ಯಾಕೆ ಎಂದು ಕೇಳುವ ಅವಳಿಗೆ ಮನೆಯಲ್ಲಿ ಯಾಕಮ್ಮ ಎಂದೇ ಹೆಸರು.

"ಯಾಕೆ ಹಿಟ್ಟು ಬಿದ್ದಿದೆ ಅಮ್ಮಾ?"

"ಗರಗಸದ ಪುಡಿ" ಎಂದು ಮಾವ ಅಂಗೈಯಿಂದ ಅದನ್ನು ಒರೆಸಿಯೇಬಿಟ್ಟರು. "ಕೊಯ್ದ ತುದೀಲಿ ಸಿಕ್ಕಿಕೊಂಡಿರುತ್ತೆ. ಹುಳ ಗಿಳ ಅಂತೆಲ್ಲ ಹೆದರಬೇಡಮ್ಮ. ಕೇಳು." ತುಂಡನ್ನು ಎಡಗೈಯಲ್ಲಿ ಎತ್ತಿಹಿಡಿದು ಗೆಣ್ಣಿನಿಂದ ತಟ್ಟಿದರು.

ಒಣಗಿದ ಸೋರೆಬುರುಡೆ ತಟ್ಟಿದಂತೆ, ಒಳಗೆ ಏನೂ ಉಳಿದಿಲ್ಲದ ಪೊಳ್ಳು ಸದ್ದು ಬಂತು.

"ಗಂಟೆ ಹಾಗಿಲ್ವಾ?" ಎಂದರು ಮಾವ. ಅವರ ಕಣ್ಣು ಅವಳ ತುಟಿಯ ಮೇಲಿತ್ತು. ಆ ಕಣ್ಣಿನಲ್ಲಿ ಗತ್ತಿರಲಿಲ್ಲ. ಪರೀಕ್ಷೆ ಬರೆದ ಹುಡುಗ ಉತ್ತರ ಸರಿಯೇ ಎಂದು ಕೇಳುವಂಥ ಅಳುಕಿತ್ತು. ಅವರಿಗೆ ಗೊತ್ತು, ಎಂದು ಅವಳಿಗೆ ಹೊಳೆಯಿತು. ತಮಗೆ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು. ಅದು ಅವಳಿಗೂ ಗೊತ್ತು ಎನ್ನುವುದು ಮಾತ್ರ ಅವರಿಗೆ ಗೊತ್ತಿಲ್ಲ.

"ಹೌದು ಮಾವ" ಎಂದಳು.

"ಹಾಂ! ಮುಗೀತಲ್ಲ" ಎಂದು ಗಂಡ ಟೋಪಿ ಹಾಕಿಕೊಂಡ. "ಶುಕ್ರವಾರದೊಳಗೆ ಫಾರಂ ಕೊಡಬೇಕು. ನೀನೇ ತುಂಬಿ ಕೊಟ್ಟು ಬಂದುಬಿಡು. ನಾನು ತುಂಬಿದ್ರೆ ನೀನು ಕೆಂಪು ಪೆನ್ನು ತಗೊಂಡು ಕೂರ್ತೀಯ."

ಹೌದು ಎಂದ ನಾಲಿಗೆಯನ್ನು ಅವಳು ಮೂರು ದಿನ ಕಚ್ಚಿಕೊಂಡೇ ಇದ್ದಳು. ಮೂರು ರಾತ್ರಿಯೂ ಮರದೊಳಗಿನ ಬಾಯಿ ತಿನ್ನುತ್ತಲೇ ಇತ್ತು. ಮರದ ತುಂಡನ್ನು ಟವೆಲಿನಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಚ್ಚಲಲ್ಲಿಟ್ಟು ಬಾಗಿಲು ಹಾಕಿದಳು. ಆದರೂ ಕೇಳಿಸುತ್ತಿತ್ತು, ಅಥವಾ ಕೇಳಿಸುತ್ತಿದೆ ಎನಿಸುತ್ತಿತ್ತು. ಎರಡಕ್ಕೂ ಅವಳಿಗೆ ವ್ಯತ್ಯಾಸ ಉಳಿಯಲಿಲ್ಲ. ಕಣ್ಣು ಮುಚ್ಚಿದರೆ ಹೊಸ ಮನೆ ಬರುತ್ತಿತ್ತು: ಬಣ್ಣ ಬಳಿದ ನುಣ್ಣನೆಯ ಗೋಡೆ, ಗೋಡೆಯ ಹಿಂದೆ ಸಾವಿರ ಬಾಯಿ. ಮಗಳ ಮಂಚದ ಹಿಂದಿನ ಗೋಡೆ ಒಂದು ದಿನ ಸದ್ದೇ ಇಲ್ಲದೆ, ನೆನೆದ ರಟ್ಟಿನಂತೆ ಒಳಕ್ಕೆ ಕುಸಿಯುತ್ತಿತ್ತು. ಬಾಯಿಬಿಟ್ಟು ಹೇಳೋಣವೆಂದರೆ ಮಾವನ ಅಳುಕಿದ ಕಣ್ಣು ಅಡ್ಡ ಬರುತ್ತಿತ್ತು. ಹುಳವಿದೆ ಎಂದರೆ ಆ ಮರ ಆರಿಸಿದವರಿಗೆ ಕಿವಿ ಇಲ್ಲ ಎಂದಂತೆಯೇ.

ಶುಕ್ರವಾರ ಅಚ್ಚುಕೂಟಕ್ಕೆ ಅರ್ಧ ದಿನ ರಜೆ ಹಾಕಿ, ತುಂಡನ್ನು ಚೀಲದಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದಳು.

ಎಂಜಿನಿಯರ್ ಹುಡುಗಿ ತುಂಡನ್ನು ಉಳಿಯಿಂದ ಸೀಳಿದಳು. ಒಳಗೆ ಸೂಜಿ ಹೋಗುವಷ್ಟು ಸುರಂಗಗಳು, ಒಂದರೊಳಗೆ ಇನ್ನೊಂದು. ಒಂದರ ತುದಿಯಲ್ಲಿ ಬೆಳ್ಳಗೆ, ಅಕ್ಕಿಕಾಳಿನ ಗಾತ್ರದ್ದು, ಬೆಳಕಿಗೆ ಹೊರಳಾಡುತ್ತಿತ್ತು.

"ಅಯ್ಯೋ" ಎಂದಳು ಹುಡುಗಿ. "ನಾನು ಆವತ್ತೇ ಗೂಡಿನ ಮರ ತಗೊಳ್ಳಿ ಅಂದೆ. ಮೇಸ್ತ್ರಿ ಅಷ್ಟು ಖಾತ್ರಿಯಾಗಿ ಹೇಳಿದ ಮೇಲೆ ನಾನೇನು ಮಾತಾಡಲಿ? ಈ ಅಟ್ಟಿನ ಇನ್ನು ಯಾರಿಗೂ ಕೊಡಲ್ಲ ಬಿಡಿ, ಇವತ್ತೇ ಸುಡಿಸ್ತೀನಿ."

"ಗೂಡಿನ ಮರ ಸಿಗುತ್ತಾ?"

"ಇದ್ದದ್ದು ಮಾರಿಹೋಯ್ತು, ಗೂಡು ರಿಪೇರಿಗೆ ಬಂದಿದೆ. ನಾಲ್ಕು ತಿಂಗಳು ಕಾಯಬೇಕು."

ಮೂರು ತಿಂಗಳಿಗೇ ಮನೆ ಖಾಲಿ ಮಾಡಬೇಕಿತ್ತು. ಅದಲ್ಲದೆ ಆ ಬಿಳಿ ಹುಳವನ್ನು ಕಂಡ ಮೇಲೆ ಎಂಥ ಮರವನ್ನು ತೋರಿಸಿದರೂ ಅವಳಿಗೆ ಅದರೊಳಗೆ ಸುರಂಗವೇ ಕಾಣುತ್ತಿತ್ತು.

"ಉಕ್ಕು?"

"ಉಕ್ಕು ಈಗಲೇ ಇದೆ. ಹುಳದ ಭಯ ಇಲ್ಲ, ತುಕ್ಕು ಹಿಡೀದ ಹಾಗೆ ಲೇಪ ಇರುತ್ತೆ. ಬಿಸಿಲಿಗೆ ಬೇಗ ಕಾಯುತ್ತೆ, ಅದಕ್ಕೆ ಹೊರಗಡೆ ಇನ್ನೊಂದು ಪದರ ಹಾಕ್ತೀವಿ. ಆಮೇಲೆ ಸಂಜೆ ಬಿಸಿಲು ಇಳಿದಾಗ ಸ್ವಲ್ಪ ಸದ್ದು ಮಾಡುತ್ತೆ. ಟಿಕ್ ಟಿಕ್ ಅಂತ. ಆರುವಾಗ ಕುಗ್ಗುತ್ತಲ್ಲ, ಅದಕ್ಕೆ. ಏನೂ ಆಗಲ್ಲ."

"ಗೋಡೆ ಬರುವಾಗ ಒಳಗಡೆ ಏನಿದೆ ಅಂತ ಕಾಣುತ್ತಾ?"

ಹುಡುಗಿ ವಿಚಿತ್ರವಾಗಿ ನೋಡಿದಳು. "ಇಲ್ಲ ಮೇಡಂ. ಎರಡೂ ಕಡೆ ಮುಚ್ಚಿ, ಅಂಚಿಗೆ ಕಪ್ಪು ಹಾಳೆ ಸುತ್ತಿ ಕಳಿಸ್ತೀವಿ. ಯಾಕೆ, ಮನೇಲಿ ಎಲ್ಲರೂ ಒಪ್ಪಿದಾರೆ ತಾನೇ? ಮೇಸ್ತ್ರಿಗೆ ಒಂದು ಫೋನ್ ಮಾಡಲಾ?"

"ಬೇಡ!" ಎಂದು ಬಾಯಿ ಮುಂದಾಯಿತು. "ನಾನೇ ಹೇಳ್ತೀನಿ."

ಫಾರಂನಲ್ಲಿ ಎರಡು ಚೌಕಗಳಿದ್ದವು. ಮೊದಲನೆಯದರ ಮುಂದೆ 'ಮರ', ಎರಡನೆಯದರ ಮುಂದೆ 'ಉಕ್ಕು'. ಇನ್ನೊಬ್ಬರ ತಪ್ಪು ತಿದ್ದುತ್ತಲೇ ಹದಿನಾಲ್ಕು ವರ್ಷ ಕಳೆದಿದ್ದವಳು, ಗೊತ್ತಿದ್ದೂ ಗೊತ್ತಿದ್ದೂ ಮನೆಯವರಿಗೆ ಸುಳ್ಳಾಗುವ ಗುರುತೊಂದನ್ನು ಹಾಕಲು ಪೆನ್ನು ಎತ್ತಿಕೊಂಡಳು. ಮೇಜಿನ ಆಚೆಯಿಂದ ಹುಡುಗಿ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಒಂದು ಟಿಕ್ ಹಾಕಿ ಸಾಕು."

ಆ ಮಾತಿಗೆ ಅವಳ ಮೈ ಜುಮ್ಮೆಂದಿತು. ಎರಡನೆಯ ಚೌಕದಲ್ಲಿ ಟಿಕ್ ಹಾಕಿ, ಸಹಿ ಮಾಡಿ, ಹಿಂದಿರುಗಿ ನೋಡದೆ ಬಂದಳು.

ಎರಡು ತಿಂಗಳು ಕಳೆದ ಮೇಲೆ ಗೋಡೆಗಳು ಬಂದವು. ಗಂಡನಿಗೆ ಪಾಳಿ ಇದ್ದ ದಿನವನ್ನೇ ಅವಳು ಗೊತ್ತುಮಾಡಿದ್ದಳು. ಮಾವನಿಗೆ ಧೂಳು ಆಗದು ಎಂದು ಮನೆಯಲ್ಲೇ ಉಳಿಸಿದಳು. ಕ್ರೇನಿನವನು ಒಂದು ಗೋಡೆ ಎತ್ತಿ, "ಏನಮ್ಮ, ಮರ ಅಂದ್ರಿ, ಹೂವಿನ ಹಾಗೆ ಹಗುರ ಇದೆ!" ಎಂದು ಕೂಗಿದಾಗ ಅವಳ ಜೀವ ಬಾಯಿಗೆ ಬಂತು. ಸುತ್ತ ಮನೆಯವರು ಯಾರೂ ಇರಲಿಲ್ಲ.

ಹೊಸ ಮನೆ ಎಲ್ಲರಿಗೂ ಹಿಡಿಸಿತು. ಗಂಡ ಬಂದವರಿಗೆಲ್ಲ ಗೋಡೆ ತಟ್ಟಿ ತೋರಿಸುತ್ತಿದ್ದ: "ನಮ್ಮಪ್ಪ ಆರಿಸಿದ ಮರ. ಗಂಟೆ ಇದ್ದ ಹಾಗಿದೆ." ಗೋಡೆ ತನ್ನ ಮಟ್ಟಿಗೆ ಟಣ್ ಎನ್ನುತ್ತಿತ್ತು. ಬಂದವರು ಅಹುದಹುದು ಎನ್ನುತ್ತಿದ್ದರು. ಒಬ್ಬ ಗೆಳೆಯ ಮಾತ್ರ, "ಏನೋ ತಗಡು ಬಡಿದ ಹಾಗಿದೆಯಲ್ಲೋ" ಎಂದ. "ನಿನ್ನ ತಲೆ ತಾಗಿರಬೇಕು ನೋಡು" ಎಂದು ಗಂಡ ನಗಿಸಿದ. ಆ ಹೊತ್ತಿನಲ್ಲಿ ಅವಳು ಲೋಟಗಳನ್ನು ಬೇಕೆಂದೇ ಸದ್ದು ಮಾಡಿಕೊಂಡು ತಟ್ಟೆಗೆ ಜೋಡಿಸಿದಳು.

ಹುಳದ ಭಯ ಹಿಂದೆ ಸರಿಯಿತು. ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು, ದಾರ ಕಟ್ಟಿದ್ದು, ಹೆಬ್ಬೆರಳಷ್ಟು ಗಾತ್ರದ್ದು. ಮಾವ ಕೂತಲ್ಲಿ ನಿಂತಲ್ಲಿ ಆ ಮ್ಯಾಗ್ನೆಟ್ಟನ್ನು ಬೆರಳಿಗೆ ಸುತ್ತಿ ಬಿಚ್ಚಿ ಆಡುತ್ತಿದ್ದರು. ಒಂದು ಸಲ ಗೋಡೆಯ ಹತ್ತಿರ ತೂಗಿದರೆ ಸಾಕು. ಇಲ್ಲವೆ ಯಾಕಮ್ಮನ ಕೈಗೆ ಕೊಟ್ಟರೆ ಸಾಕು, "ಯಾಕೆ ಅಂಟಿಕೊಳ್ತು?" ಎಂದು ಊರಿಗೆಲ್ಲ ಕೇಳುವಂತೆ ಕೇಳುತ್ತಾಳೆ. ಹೊಸ ಮನೆಗೆ ಬಂದ ಮೂರನೆಯ ದಿನ ಮಾವ ಸ್ನಾನಕ್ಕೆ ಹೋದಾಗ, ಅಂಗಿಯ ಜೇಬಿನಿಂದ ಅದನ್ನು ತೆಗೆದು ತನ್ನ ಹೊಲಿಗೆ ಡಬ್ಬಿಯ ತಳಕ್ಕೆ ಹಾಕಿದಳು.

ಮಾವ ಎರಡು ದಿನ ಹುಡುಕಿದರು. ಅವಳೂ ಜೊತೆಗೆ ಮಂಚದ ಕೆಳಗೆ ಬಗ್ಗಿದಳು, ಕಪಾಟಿನ ಹಿಂದೆ ಇಣುಕಿದಳು. "ಸಾಮಾನು ಸಾಗಿಸೋವಾಗ ಬಿದ್ದಿರಬೇಕು ಮಾವ" ಎಂದು ಅವರ ಮುಂದೆ ನಿಂತು ಬಿಡಿಬಿಡಿಯಾಗಿ ಹೇಳಿದಳು. ಹೇಳುವಾಗ ಅವರ ಕಣ್ಣನ್ನು ನೋಡಲಾಗಲಿಲ್ಲ.

ಭಾನುವಾರ ಸಂಜೆ ಗಂಡ ಅಂಗಿಯ ಗುಂಡಿ ಕಿತ್ತುಕೊಂಡು ಬಂದ. ಅವಳು ಅಡುಗೆಮನೆಯಲ್ಲಿದ್ದಳು. "ಸೂಜಿ ತಾ ಯಾಕಮ್ಮ" ಎಂದು ಅವನು ಮಗಳಿಗೆ ಹೇಳಿದ್ದು ಕೇಳಿಸಿತು. ಕೇಳಿಸಿದ ಮಾತು ಮಿದುಳಿಗೆ ಇಳಿದು ಅವಳು ಓಡಿಬರುವಷ್ಟರಲ್ಲಿ ಡಬ್ಬಿ ತೆರೆದಿತ್ತು. ಯಾಕಮ್ಮನ ಕೈಯಲ್ಲಿ ದಾರ, ದಾರದ ತುದಿಯಲ್ಲಿ ಇದ್ದಬದ್ದ ಸೂಜಿಗಳೆಲ್ಲ ನಿಗುರಿಕೊಂಡಿದ್ದವು.

"ಅಮ್ಮಾ, ಮುಳ್ಳುಹಂದಿ ಮರಿ!"

"ಅಪ್ಪನ ಮ್ಯಾಗ್ನೆಟ್ಟು!" ಎಂದು ಗಂಡ ನಕ್ಕ. "ಎರಡು ದಿನ ಮನೆಯೆಲ್ಲ ಜಾಲಾಡಿ, ಕೊನೆಗೆ ನಿನ್ನ ಡಬ್ಬೀಲೇ ಇತ್ತಲ್ಲೇ!"

"ಅಲ್ಲಿಗೆ... ಹೇಗೆ ಹೋಯ್ತೋ" ಎಂದಳು.

ಮಾವ ಮೊಮ್ಮಗಳ ಕೈಯಿಂದ ಅದನ್ನು ತೆಗೆದುಕೊಂಡು ಸೂಜಿಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಗೆ ಹಾಕಿದರು. ಡಬ್ಬಿಯನ್ನು ನೋಡಿದರು. ಸೊಸೆಯನ್ನು ನೋಡಿದರು. ಆಮೇಲೆ ನಿಧಾನವಾಗಿ ಎದ್ದು, ಕಿಟಕಿಯ ಪಕ್ಕದ ಗೋಡೆಯ ಬಳಿ ಹೋದರು. ಅವಳಿಗೆ ಕೂಗಿ ತಡೆಯಬೇಕೆನಿಸಿತು.

ಗಂಡ ಸೂಜಿಯ ಕಣ್ಣಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದ. ಯಾಕಮ್ಮ ಚೆಲ್ಲಿದ ಗುಂಡಿಗಳನ್ನು ಆರಿಸುತ್ತಿದ್ದಳು. ಗೋಡೆಯ ಕಡೆ ನೋಡುತ್ತಿದ್ದವಳು ಅವಳೊಬ್ಬಳೇ.

ಮಾವ ಮ್ಯಾಗ್ನೆಟ್ಟನ್ನು ಗೋಡೆಗೆ ಮುಟ್ಟಿಸಿದರು. ಜಾರಿತು. ಒಂದು ಗೇಣು ಪಕ್ಕಕ್ಕೆ ಸರಿಸಿದರು. ಅಂಟಿತು. ಮೊಳೆ ಇರುವ ಕಡೆ ಅಂಟುವುದು ಸಹಜ. ಆದರೆ ಅವರು ಅಲ್ಲಿಂದ ಕೆಳಕ್ಕೆ ಎಳೆಯುತ್ತಾ ಬಂದರು, ಎದೆಯ ಮಟ್ಟದಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ. ಎಲ್ಲೂ ಬಿಡಲಿಲ್ಲ. ನೆಟ್ಟಗೆ, ಒಂದೇ ಗೆರೆಯಲ್ಲಿ, ನೆಲದವರೆಗೂ ಹಿಡಿದುಕೊಂಡೇ ಬಂತು. ಅಷ್ಟುದ್ದದ ಮೊಳೆ ಯಾವ ಬಡಗಿಯೂ ಹೊಡೆಯಲಾರ.

ಮಂಡಿಯೂರಿ ಕುಳಿತಿದ್ದ ಮಾವ ತಲೆ ತಿರುಗಿಸಿ ಅವಳನ್ನು ನೋಡಿದರು. ಅವಳ ಕಣ್ಣು ತುಂಬಿ ಬಂದು ಮಾವನ ಮುಖ ಕದಡಿತು.

ಆಗಲೇ ಗೋಡೆ ಮಾತಾಡಿತು. ವಾರವೆಲ್ಲ ಮೋಡವಿದ್ದು ಅಂದೇ ಮೊದಲು ಸುಡುಬಿಸಿಲು ಬಿದ್ದಿತ್ತು, ಈಗ ಅದು ಇಳಿದಿತ್ತು.

ಟಿಕ್. ಟಿಕ್ ಟಿಕ್.

ಗಂಡ ತಲೆ ಎತ್ತಿದ. "ಏನದು ಸದ್ದು? ಲೇ, ನೀನು ಆವತ್ತು ಹೇಳಿದ್ದು ಇದೇನಾ? ಅಪ್ಪಾ! ಗೋಡೆ ಒಳಗೆ ಏನೋ ಟಿಕ್ ಟಿಕ್ ಅಂತಿದೆ! ಹುಳ ಇರಬಹುದಾ?"

ಮಾವ ಮಗನ ತುಟಿಯನ್ನು ಓದಿದರು. ತಟ್ಟಲಿಲ್ಲ, ತಲೆ ವಾಲಿಸಲಿಲ್ಲ. ಗೋಡೆಯ ಮೇಲೆ ಅಂಗೈ ಅಗಲಿಸಿ ಇಟ್ಟು ಕಣ್ಣು ಮುಚ್ಚಿಕೊಂಡರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದವರಂತೆ ತುಸು ಹೊತ್ತು ಹಾಗೇ ಇದ್ದರು.

"ಹೊಸ ಮರ ಕಣೋ" ಎಂದರು. "ಮೈ ಮುರೀತಿದೆ. ನಾಲ್ಕು ದಿನ ಹಾಗೇ ಇರುತ್ತೆ. ಹುಳ ಇಲ್ಲ. ನನ್ನ ಮಾತು ಕೇಳು, ಇದರೊಳಗೆ ಹುಳ ಬೀಳೋ ಹಾಗೇ ಇಲ್ಲ."

"ಅಷ್ಟೇ ತಾನೇ? ನಾನು ಹೆದರಿಬಿಟ್ಟೆ" ಎಂದು ಗಂಡ ಮತ್ತೆ ಸೂಜಿಗೆ ಬಗ್ಗಿದ.

"ಯಾಕೆ ತಾತ ಬೀಳಲ್ಲ?"

"ನಿಮ್ಮಮ್ಮ ನೋಡಿ ಆರಿಸಿದಾಳೆ, ಅದಕ್ಕೆ" ಎಂದು ಮಾವ ನಾಲಿಗೆ ತಪ್ಪಿದವರಂತೆ ನಿಂತರು. "ಅಂದ್ರೆ, ನಾನೂ ಅವಳೂ ಸೇರಿ."

ಗಂಡ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಾವ ಗೋಡೆ ಹಿಡಿದು ಎದ್ದು, ದಾರವನ್ನು ಮ್ಯಾಗ್ನೆಟ್ಟಿಗೆ ಸುತ್ತಿ, ಅವಳ ಹತ್ತಿರ ಬಂದು ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ನಿನ್ನ ಡಬ್ಬೀಲೇ ಇರಲಿ ಮಗಳೇ. ಬಿದ್ದ ಸೂಜಿ ಹುಡುಕೋಕೆ ಬರುತ್ತೆ." ಆಮೇಲೆ ಇನ್ನೂ ಮೆಲ್ಲಗೆ, "ಡಿಪೋದಿಂದ ಯಾರಾದ್ರೂ ಬಂದ್ರೆ, ಮಾವನಿಗೆ ಮಂಡಿ ನೋವು, ಇನ್ಮೇಲೆ ಬರಲ್ಲವಂತೆ ಅಂದುಬಿಡು. ಮಂಡಿ ಅಂತಲೇ ಹೇಳು."

ಅವಳು ಅವರ ಮುಂದೆ, ತುಟಿ ಚೆನ್ನಾಗಿ ಕಾಣುವಂತೆ ಮುಖ ಎತ್ತಿ, "ಆಗಲಿ ಮಾವ" ಎಂದಳು.

ಗೋಡೆಗಳು ಆರುತ್ತಿದ್ದವು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಟಿಕ್ ಟಿಕ್ ಎಂದು ಓಡಾಡುವ ಸದ್ದಿಗೆ ಪ್ರತಿ ಸಲವೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಉಕ್ಕು ಎಂದು ತಿಳಿದಿದ್ದರೂ ಆ ಭಯ ಬಿಡುವಂಥದ್ದಲ್ಲ. ಹಾಗಿದ್ದರೂ ಸರಿ. ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾ ಅವಳು ತೀರ್ಮಾನಿಸಿಕೊಂಡಳು. ಗಂಡನಿಗಾಗಲಿ, ದೊಡ್ಡವಳಾಗಿ ಯಾಕೆ ಎಂದು ಕೇಳುವ ಮಗಳಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲ.